ಕಣಕ್ಕೊಂದು ಸೂರು, ಲೀಗಿಗೊಂದು ಊರು

(ಸಕಲೇಶಪುರ–ಆಲೂರು ಭಾಗದ ಬ್ಯಾಸ್ಕೆಟ್‌ಬಾಲ್ ಆಟಗಾರರು ಮತ್ತು ದೈಹಿಕ ಶಿಕ್ಷಕರ ಸಮಾವೇಶದ ಅಧ್ಯಕ್ಷ ಭಾಷಣ)



ಅಧ್ಯಕ್ಷನಾದವನು ಮೊದಲ ಹತ್ತು ನಿಮಿಷ ತನ್ನ ಅನರ್ಹತೆಯನ್ನು ವಿವರಿಸಬೇಕೆಂಬುದು ನಮ್ಮ ಸಭೆಗಳ ಸಂಪ್ರದಾಯ. ಆ ಹತ್ತು ನಿಮಿಷವನ್ನು ನಿಮಗೇ ಬಿಟ್ಟುಕೊಡುತ್ತೇನೆ. ಯಸಳೂರು, ಹೆತ್ತೂರು, ಕೆ. ಹೊಸಕೋಟೆ ಕಡೆಯಿಂದ ಬಂದವರು ಕತ್ತಲಾಗುವುದರೊಳಗೆ ಮನೆ ಸೇರಬೇಕು. ದಾರಿಯಲ್ಲಿ ಆನೆ ನಿಂತಿದ್ದರೆ, ಅಧ್ಯಕ್ಷರ ಭಾಷಣ ತಡವಾಯಿತು ಎಂಬ ಸಬೂಬು ಅದರ ಮುಂದೆ ನಡೆಯದು. ಈ ಗೌರವ ಕೊಟ್ಟ ಸ್ವಾಗತ ಸಮಿತಿಗೆ ವಂದಿಸಿ ವಿಷಯಕ್ಕೆ ಬರುತ್ತೇನೆ.

ನಮ್ಮ ಮುಂದಿರುವ ಪ್ರಶ್ನೆ ಇಷ್ಟು: ಈ ಬೆಟ್ಟಸಾಲಿನ ಹುಡುಗರು ಆಡುವಂಥ, ದೊಡ್ಡ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ, ಆದರೆ ಆಡಿದವನ ಕೈಗೆ ನಾಲ್ಕು ಕಾಸು ಸೇರುವಂಥ ಪುರುಷರ ಪ್ರಾದೇಶಿಕ ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಸಲು ಆಗುತ್ತದೆಯೇ? ಬೆಳಗಿನ ಗೋಷ್ಠಿಯಲ್ಲಿ ಫ್ರಾಂಚೈಸಿ, ಹರಾಜು, ಜೆರ್ಸಿ, ಪ್ರಾಯೋಜಕರು ಎಂಬ ಮಾತುಗಳು ಬಹಳ ಕೇಳಿದವು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಗುತ್ತದೆ. ಆದರೆ ಹಣ ಖರ್ಚಾಗಬೇಕಾದ ಕ್ರಮ ಬೇರೆ ಇದೆ. ಮೊದಲ ರೂಪಾಯಿ ಸೂರಿಗೆ, ಎರಡನೆಯದು ತೀರ್ಪುಗಾರನಿಗೆ, ಮೂರನೆಯದು ಆಟಗಾರನಿಗೆ. ಈ ಕ್ರಮ ತಪ್ಪಿದ ಲೀಗುಗಳು ನಮ್ಮ ಕಣ್ಣ ಮುಂದೆಯೇ ಹುಟ್ಟಿ ನಮ್ಮ ಕಣ್ಣ ಮುಂದೆಯೇ ಹೋಗಿವೆ. ಅವುಗಳ ಕಥೆಯನ್ನು ಸ್ವಲ್ಪ ನೋಡೋಣ.

ಹವಾಮಾನ ಹುಟ್ಟಿಸಿದ ಆಟ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಹೊರಗೆ ಆಡಲಾಗದ ಕಾರಣಕ್ಕೆ. 1891ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿಗಾಲ, ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತ ತರುಣರು. ಅವರನ್ನು ಹಿಡಿದಿಡುವ ಆಟವೊಂದನ್ನು ಕಂಡುಹಿಡಿಯುವ ಕೆಲಸ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ಮೂಲದ ಶಿಕ್ಷಕರಿಗೆ ಬಿತ್ತು. ಅವರು 13 ನಿಯಮ ಬರೆದು ಗೋಡೆಗೆ ಅಂಟಿಸಿದರು; ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂಕಣದ ಕಟಕಟೆಗೆ ಹೊಡೆಸಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರ ಇತ್ತೆಂಬ ಒಂದೇ ಕಾರಣಕ್ಕೆ ಇಂದಿಗೂ ಜಗತ್ತಿನ ಎಲ್ಲ ರಿಂಗುಗಳೂ ಹತ್ತು ಅಡಿ ಎತ್ತರದಲ್ಲಿವೆ. ತರಗತಿಯಲ್ಲಿದ್ದವರು 18 ಮಂದಿ, ಹಾಗಾಗಿ ಮೊದಲ ಪಂದ್ಯ ಒಂಬತ್ತು ಒಂಬತ್ತು ಜನರದ್ದು. ಫಲಿತಾಂಶ 1–0.

ಇದನ್ನು ಏಕೆ ನೆನಪಿಸುತ್ತಿದ್ದೇನೆಂದರೆ, ಮಂಜು ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಮಳೆ ಮಾಡುತ್ತದೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ನಮ್ಮ ಯಾವ ಮೈದಾನವೂ ಮೈದಾನವಾಗಿ ಉಳಿಯುವುದಿಲ್ಲ. ಕೆಸರುಗದ್ದೆ ಕ್ರೀಡಾಕೂಟ ಮಾಡಿ ಒಂದು ಭಾನುವಾರ ಸಂಭ್ರಮಿಸುತ್ತೇವೆ. ಉಳಿದ ಭಾನುವಾರಗಳಲ್ಲಿ ಹುಡುಗರ ಕೈಗೆ ಮೊಬೈಲ್ ಬರುತ್ತದೆ. ಸೂರಿನಡಿ ಆಡಲೆಂದೇ ರೂಪುಗೊಂಡ ಆಟವನ್ನು ದೇಶದ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲೊಂದರಲ್ಲಿ ಬಯಲಿಗೆ ಬಿಟ್ಟಿದ್ದೇವೆ. ಶಾಲೆಯ ಹಿಂಬದಿಯಲ್ಲಿ ತುಕ್ಕು ಹಿಡಿದ ಎರಡು ಕಂಬಗಳನ್ನು ನೀವೆಲ್ಲ ಕಂಡಿದ್ದೀರಿ. ಅವನ್ನು ನಿಲ್ಲಿಸಿದವರಿಗೆ ಆಟದ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾರೆ, ಮಳೆಯ ಲೆಕ್ಕ ಹಾಕಿರಲಿಲ್ಲ ಅಷ್ಟೆ.

ನಮ್ಮ ದೇಶದಲ್ಲಿ ಈ ಆಟವನ್ನು ಶಾಲೆಗಳಿಗೆ ಮುಟ್ಟಿಸಿದ್ದು ವೈಎಂಸಿಎ ಜಾಲವೇ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ದಕ್ಷಿಣ ಭಾರತದ ಎಷ್ಟೋ ಊರುಗಳಿಗೆ ರಿಂಗು ಹೋದದ್ದು ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳ ಹಿಂದೆ. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು; 1950ರಲ್ಲಿ ರಾಷ್ಟ್ರೀಯ ಫೆಡರೇಷನ್ ರೂಪುಗೊಂಡಿತು; ಭಾರತದ ಪುರುಷರು ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. ಅಂದರೆ ಈ ಆಟವನ್ನು ನಮ್ಮಲ್ಲಿ ಬದುಕಿಸಿದ್ದು ದೊಡ್ಡ ಗೆಲುವುಗಳಲ್ಲ, ಶಾಲೆಯ ಮೇಷ್ಟ್ರುಗಳು. ಅವರಲ್ಲಿ ಹಲವರು ಈ ಸಭೆಯಲ್ಲಿದ್ದೀರಿ. ನಿಮಗೆ ನನ್ನ ಮೊದಲ ನಮಸ್ಕಾರ.

ಬ್ಯಾಂಕಿನ ಕೆಲಸ ಎಂಬ ವೃತ್ತಿಪರತೆ

ವೃತ್ತಿಪರ ಲೀಗ್ ಎಂಬುದು ನಮಗೆ ಹೊಸ ಮಾತು ಎಂದು ಭಾವಿಸಬೇಡಿ. ಕರ್ನಾಟಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬದುಕಿದವರು ತಲೆಮಾರುಗಳಿಂದ ಇದ್ದಾರೆ. ಅವರ ಸಂಬಳದ ಚೀಟಿಯ ಮೇಲೆ ಲೀಗಿನ ಹೆಸರಿರಲಿಲ್ಲ, ಬ್ಯಾಂಕಿನ ಹೆಸರಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೆಸರಾಗಿತ್ತು. ಸೇನೆಯ ಎಎಸ್‌ಸಿ, ಎಂಇಜಿ ತಂಡಗಳು ಬೆಂಗಳೂರಿನಲ್ಲೇ ಇದ್ದವು. ರೈಲ್ವೆ ಇತ್ತು. ಈ ಸಂಸ್ಥೆಗಳ ಆಟಗಾರರ ಎದುರು ಬೀಗಲ್ಸ್, ದೇವಾಂಗ ಯೂನಿಯನ್, ಯಂಗ್ ಓರಿಯನ್ಸ್‌ನಂಥ ಕ್ಲಬ್ಬುಗಳ ಹುಡುಗರು ಆಡಿ, ಚೆನ್ನಾಗಿ ಆಡಿದವನಿಗೆ ಕೆಲಸ ಸಿಕ್ಕಿ, ಅವನ ತಂಗಿಯ ಮದುವೆ ಆಗಿ, ಊರಲ್ಲೊಂದು ಮನೆ ಎದ್ದದ್ದೂ ಉಂಟು. ಬೆಳಿಗ್ಗೆ ಕೋರ್ಟು, ಮಧ್ಯಾಹ್ನ ಕೌಂಟರು, ಸಂಜೆ ಮತ್ತೆ ಕೋರ್ಟು. ಅದು ನಮ್ಮ ನಿಜವಾದ ಎರಡನೇ ದರ್ಜೆಯ ವೃತ್ತಿಪರ ಆಟ. ಯಾರೂ ಹಾಗೆಂದು ಕರೆಯಲಿಲ್ಲ.

ಆ ಬಾಗಿಲು ಈಗ ಕಿರಿದಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಬ್ಯಾಂಕುಗಳು ಒಂದಾದಾಗ ಶಾಖೆಗಳ ಬಗ್ಗೆ, ಠೇವಣಿಗಳ ಬಗ್ಗೆ ಚರ್ಚೆಯಾಯಿತು. ಎರಡು ಬ್ಯಾಂಕು ಒಂದಾದರೆ ತಂಡವೂ ಎರಡಿದ್ದದ್ದು ಒಂದಾಗುತ್ತದೆ, ಹುಡುಗರ ಪಾಲಿನ ಕೆಲಸದ ದಾರಿಯೂ ಒಂದು ಕಡಿಮೆಯಾಗುತ್ತದೆ ಎಂಬುದು ಯಾವ ಚರ್ಚೆಯಲ್ಲೂ ಬರಲಿಲ್ಲ. ಇವತ್ತು ಹಾನುಬಾಳಿನ ಆರಡಿ ಎತ್ತರದ ಹುಡುಗನ ತಾಯಿ ನನ್ನನ್ನು ಕೇಳಿದರೆ, ‘ಸರ್, ಇವನು ಈ ಚೆಂಡು ಹಿಡ್ಕೊಂಡು ಮುಂದೆ ಏನು ಮಾಡ್ತಾನೆ?’ ಎಂದರೆ, ಮೂವತ್ತು ವರ್ಷದ ಹಿಂದೆ ಇದ್ದ ಉತ್ತರ ಈಗಿಲ್ಲ. ಹೊಸ ಉತ್ತರವಾಗಿ ಬಂದವೇ ಲೀಗುಗಳು.

ಹೆಸರು ಒಂದೂರಿನದು, ಆಟ ಇನ್ನೊಂದೂರಿನಲ್ಲಿ

2015ರಲ್ಲಿ ಯುಬಿಎ ಎಂಬ ಖಾಸಗಿ ವೃತ್ತಿಪರ ಲೀಗ್ ಎಂಟು ತಂಡಗಳೊಂದಿಗೆ ಶುರುವಾಯಿತು. ನಮ್ಮದು ಬೆಂಗಳೂರು ಬೀಸ್ಟ್. ರಾಷ್ಟ್ರೀಯ ಫೆಡರೇಷನ್ನಿನ ಆಶ್ರಯ ಅದಕ್ಕಿರಲಿಲ್ಲ. ನಾಲ್ಕು ಸೀಸನ್ ಆಡಿ 2017ರ ನಂತರ ಮುಂದುವರಿಯಲಿಲ್ಲ. 2018ರಲ್ಲಿ ಮೂರು ಮೂರು ಜನ ಆಡುವ 3ಬಿಎಲ್ ಲೀಗ್ ಬಂತು. ಅದರಲ್ಲಿ ಬೆಂಗಳೂರಿನ ತಂಡಕ್ಕೆ ‘ಮಚ್ಚಾಸ್’ ಎಂದು ಹೆಸರಿಟ್ಟರು. 2022ರಲ್ಲಿ ಫೆಡರೇಷನ್ನಿನದೇ ಆದ ಐಎನ್‌ಬಿಎಲ್ ಬಂತು, ಆರು ನಗರಗಳ ಹೆಸರಿನಲ್ಲಿ. ನಮ್ಮದು ಬೆಂಗಳೂರು ಕಿಂಗ್ಸ್. ಆ ಮೊದಲ ಸೀಸನ್ನಿನ ಆರಂಭದ ಸುತ್ತುಗಳು ನಡೆದದ್ದು ಕೊಚ್ಚಿ, ಜೈಪುರ ಮತ್ತು ಪುಣೆಯಲ್ಲಿ. ಆ ಸುತ್ತುಗಳಲ್ಲಿ ಬೆಂಗಳೂರಿನ ರಾಜರಿಗೆ ಬೆಂಗಳೂರಿನ ಅರಮನೆ ಇರಲಿಲ್ಲ.

ಕ್ರಿಕೆಟ್ಟಿನ ಕಥೆ ಬೇರೆಯಲ್ಲ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ‘ಮಲ್ನಾಡ್ ಗ್ಲಾಡಿಯೇಟರ್ಸ್’ ಎಂಬ ತಂಡ ಇತ್ತು. ನಮ್ಮ ಹೆಸರೇ. ಆದರೆ ನಮ್ಮ ಬೆಟ್ಟದ ಹುಡುಗ ಆ ತಂಡವನ್ನು ಕಣ್ಣಾರೆ ನೋಡಬೇಕಾದರೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. 2019ರಲ್ಲಿ ಆ ಲೀಗಿನಲ್ಲಿ ಫಿಕ್ಸಿಂಗ್ ನಡೆಯಿತೆಂಬ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧನಗಳನ್ನು ಮಾಡಿದರು, ಲೀಗ್ ನಿಂತಿತು. 2022ರ ಜನವರಿಯಲ್ಲಿ ರಾಜ್ಯದ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಎಂಬುದು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಡಿ ವಂಚನೆಯ ಅಪರಾಧವಾಗುವುದಿಲ್ಲ ಎಂದು ಹೇಳಿ ಆಟಗಾರರ ಮೇಲಿನ ಪ್ರಕರಣವನ್ನು ರದ್ದುಮಾಡಿತು. ಹೈಕೋರ್ಟಿನ ಮಟ್ಟಿಗೆ ಕಾನೂನಿನ ವಿಚಾರ ಅಲ್ಲಿಗೆ ಮುಗಿಯಿತು. ನಮಗಿರುವ ಪಾಠ ಮುಗಿಯಲಿಲ್ಲ. ಕೆಳಗಿನ ದರ್ಜೆಯ ಲೀಗಿನಲ್ಲಿ ಆಟಗಾರನಿಗೆ ಹಣ ಕಡಿಮೆ, ಟಿ.ವಿ. ಪರದೆ ದೊಡ್ಡದು, ಊರಿನವರು ದೂರ. ಇವು ಮೂರೂ ಸೇರಿದ ಕಡೆ ಬೆಟ್ಟಿಂಗ್‌ನವರಿಗೆ ದಾರಿ ಸಲೀಸು. ಅದೇ 2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆರು ತಂಡಗಳ ಟಿ20 ಟೂರ್ನಿ ಶುರುವಾಯಿತು. ಅಲ್ಲೂ ಶಿವಮೊಗ್ಗದ ಹೆಸರಿನ ತಂಡ ಮೈಸೂರು, ಬೆಂಗಳೂರಿನಲ್ಲೇ ಆಡುತ್ತದೆ.

ನಾನು ಈ ಲೀಗುಗಳನ್ನು ಹೀಗಳೆಯುತ್ತಿಲ್ಲ. ಆಟಗಾರರಿಗೆ ಅವು ಬೆಳಕು ಕೊಟ್ಟಿವೆ. ಆದರೆ ಎರಡನೇ ದರ್ಜೆಯ ಲೀಗ್ ಎಲ್ಲಿರಬೇಕು ಎಂಬುದಕ್ಕೆ ಅಮೆರಿಕದ ಕಡೆ ನೋಡಿ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾಗಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯ ಬಾಗಿಲು ಮುಟ್ಟಿದರು. ನಂತರ ಅವರು ಆಡಿದ್ದು ಅಲ್ಲಿನ ಎರಡನೇ ದರ್ಜೆಯ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ. 2017ರಲ್ಲಿ ಅಮ್ಜ್ಯೋತ್ ಸಿಂಗ್ ಅದೇ ಲೀಗಿನ ಒಕ್ಲಹೋಮ ಸಿಟಿ ಬ್ಲೂ ತಂಡಕ್ಕೆ ಆಯ್ಕೆಯಾದರು. ಗಮನಿಸಿ: ಭಾರತದ ಅತಿ ಎತ್ತರದ ಪ್ರತಿಭೆಗಳಿಗೂ ಅಮೆರಿಕದಲ್ಲಿ ಜಾಗ ಸಿಕ್ಕಿದ್ದು ಎರಡನೇ ದರ್ಜೆಯಲ್ಲಿ. 2001ರಲ್ಲಿ ಆ ಲೀಗು ಶುರುವಾದಾಗ ಇದ್ದ ಎಂಟು ತಂಡಗಳೂ ಅಮೆರಿಕದ ದಕ್ಷಿಣ ಭಾಗದ, ದೊಡ್ಡ ಲೀಗು ಕಾಲಿಡದ ಊರುಗಳವು. ಮೊದಲ ದರ್ಜೆ ನಗರಗಳಲ್ಲಿತ್ತು, ಎರಡನೆಯದನ್ನು ಅವರು ಊರುಗಳಿಗೆ ಒಯ್ದರು. ನಾವು ಎರಡನ್ನೂ ನಗರದಲ್ಲೇ ಇಟ್ಟುಕೊಂಡು, ಮೂರನೆಯದನ್ನು ಕಟ್ಟಲೇ ಇಲ್ಲ.

ಊರಿನ ಹೆಸರಿಗೆ ಇರುವ ಬಲ

ಫಿಲಿಪ್ಪೀನ್ಸ್ ದೇಶವನ್ನು ನೋಡಿ. ಅಲ್ಲಿನ ಪಿಬಿಎ 1975ರಲ್ಲಿ ಹುಟ್ಟಿದ, ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ಕಂಪನಿಗಳ ಹೆಸರಿನವು. ಅದಕ್ಕಿಂತ ಕೆಳಗಿನ ಪ್ರಾದೇಶಿಕ ಲೀಗೊಂದನ್ನು ಬಾಕ್ಸರ್ ಮ್ಯಾನಿ ಪಕಿಯಾವೊ ಕಟ್ಟಿದರು. 2018ರ ಜನವರಿಯಲ್ಲಿ ಆಟ ಶುರುವಾಯಿತು. ತಂಡಗಳಿಗೆ ಊರಿನ, ಪ್ರಾಂತ್ಯದ ಹೆಸರು. ತಂಡದಲ್ಲಿ ಆ ನೆಲದ ಹುಡುಗರು ಇರಲೇಬೇಕೆಂಬ ನಿಯಮ. ಪಂದ್ಯ ಆ ಊರಿನ ಜಿಮ್ನಾಸಿಯಮ್ಮಿನಲ್ಲೇ. ಹತ್ತು ತಂಡಗಳಿಂದ ಹೊರಟದ್ದು ಎರಡನೇ ಸೀಸನ್ನಿಗೆ 26 ಆಯಿತು. ಸಣ್ಣ ಊರುಗಳಲ್ಲೂ ಸೂರಿರುವ ಕೋರ್ಟುಗಳು ಮೊದಲೇ ಇದ್ದವು ಎಂಬುದೇ ಅದರ ಹಿಂದಿನ ಗುಟ್ಟು. ಅದೂ ಮಳೆ, ಚಂಡಮಾರುತಗಳ ದೇಶ ಎಂಬುದನ್ನು ಮರೆಯಬೇಡಿ.

ಲಿಥುವೇನಿಯದ ಜನಸಂಖ್ಯೆ ಮೂವತ್ತು ಲಕ್ಷದೊಳಗೆ. 2011ರ ಜನಗಣತಿಯಂತೆ ನಮ್ಮ ಹಾಸನ ಜಿಲ್ಲೆಯೊಂದರದೇ 17.76 ಲಕ್ಷ. ಎರಡು ಹಾಸನ ಜಿಲ್ಲೆಗೂ ಕಡಿಮೆ ಜನರಿರುವ ಆ ದೇಶ 1992, 1996 ಮತ್ತು 2000ದ ಒಲಿಂಪಿಕ್ಸ್‌ಗಳಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ಕಂಚು ಗೆದ್ದಿತು. ಅಲ್ಲಿ ಮೊದಲ ದರ್ಜೆಯ ಕೆಳಗೆ ಎರಡನೆಯದು, ಅದರ ಕೆಳಗೆ ಪ್ರಾದೇಶಿಕ ಲೀಗ್. ಸಣ್ಣ ಪಟ್ಟಣದ ಹುಡುಗನಿಗೂ ಪ್ರತಿ ವಾರ ಒಂದು ಪಂದ್ಯ ಇರುತ್ತದೆ. ಎತ್ತರ ದೇವರು ಕೊಟ್ಟದ್ದಿರಬಹುದು; ಪ್ರತಿ ವಾರದ ಪಂದ್ಯವನ್ನು ಕೊಡಬೇಕಾದವರು ಊರಿನವರು.

ಅಷ್ಟು ದೂರ ಹೋಗುವುದೂ ಬೇಡ. ಯಸಳೂರು ದಾಟಿದರೆ ಕೊಡಗು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು. ನಡುವೆ ಭೂಕುಸಿತದಿಂದ, ಕೋವಿಡ್ಡಿನಿಂದ ಕೆಲವು ವರ್ಷ ನಿಂತಿತು. 2023ರಲ್ಲಿ ಮತ್ತೆ ಎದ್ದಿತು. ಒಬ್ಬ ಮಾಲೀಕನ ಹಣದ ಮೇಲೆ ನಿಂತಿದ್ದರೆ ಏಳುತ್ತಿತ್ತೇ? ಅದು ನಡೆಯುವ ಕಾಲವನ್ನೂ ನೋಡಿ: ಏಪ್ರಿಲ್, ಮೇ. ಕಾಫಿ ಕುಯ್ಲು ಮುಗಿದು, ಮುಂಗಾರು ಹಿಡಿಯುವ ಮುಂಚಿನ ಬಿಡುವು. ಬೆಳೆಗಾರರ ಪಂಚಾಂಗ ಬಲ್ಲವರು ಹಾಕಿದ ವೇಳಾಪಟ್ಟಿ ಅದು. ಅಲ್ಲಿಂದಲೇ, ಸೋಮವಾರಪೇಟೆಯಿಂದ, ಎಸ್.ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್‌ಗೆ ಹೋದರು. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ತಂದರು. ಈ ಮಣ್ಣಿಗೆ ಜಿಗಿಯಲು ಬರುವುದಿಲ್ಲ ಎಂದು ಯಾರೂ ಹೇಳಲಾರರು.

ನಮ್ಮ ಕಣ, ನಮ್ಮ ಮಳೆ

ಈಗ ನಮ್ಮ ನೆಲಕ್ಕೆ ಬರೋಣ. ಬೆಟ್ಟದ ಸೀಮೆಯಲ್ಲಿ ಸಮತಟ್ಟಾದ ಜಾಗವೇ ದುಬಾರಿ. ಇರುವ ಸಮತಟ್ಟಿನಲ್ಲಿ ಗದ್ದೆ, ಉಳಿದದ್ದರಲ್ಲಿ ಮನೆ. ಆದರೆ ಪ್ರತಿ ತೋಟದಲ್ಲೂ ಸಿಮೆಂಟು ಹಾಕಿದ ಒಂದು ಸಮ ನೆಲ ಇದೆ: ಕಾಫಿ ಕಣ. ಪೂರ್ಣ ಪ್ರಮಾಣದ ಕೋರ್ಟಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ದೊಡ್ಡ ಎಸ್ಟೇಟುಗಳ ಕಣಗಳಲ್ಲಿ ಅಷ್ಟು ಸಿಗುತ್ತದೆ. ಮೂರು ಮೂರು ಜನರ ಆಟಕ್ಕೆ ಒಂದೇ ರಿಂಗು, 15 ಮೀಟರ್‌ಗೆ 11 ಮೀಟರ್ ಸಾಕು. ಸಾಧಾರಣ ಬೆಳೆಗಾರನ ಕಣದಲ್ಲೂ ಅದನ್ನು ಹೊಂದಿಸಬಹುದು. ಟೋಕಿಯೊ ಒಲಿಂಪಿಕ್ಸ್‌ನಿಂದ ಇದೂ ಒಲಿಂಪಿಕ್ಸ್ ಆಟವೇ. ಬದಲಿ ಆಟಗಾರನೂ ಸೇರಿ ಒಂದು ತಂಡಕ್ಕೆ ನಾಲ್ಕೇ ಜನ ಸಾಕು. ಪಂದ್ಯ ಹತ್ತು ನಿಮಿಷದ್ದು, ಅದಕ್ಕೂ ಮೊದಲು ಯಾರಾದರೂ 21 ಅಂಕ ಮುಟ್ಟಿದರೆ ಅಲ್ಲಿಗೇ ಮುಗಿಯಿತು.

ತೊಡಕು ಇರುವುದು ಇಲ್ಲಿ. ಬಿಸಿಲಿದ್ದಾಗ ಕಣದ ತುಂಬ ಕಾಫಿ. ಕಣ ಖಾಲಿಯಾಗಿ ಒಂದೆರಡು ತಿಂಗಳಾಗುವುದರೊಳಗೆ ಮಳೆ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಏಪ್ರಿಲ್, ಮೇ ಮಾತ್ರ ಹುಡುಗರದು. ಈ ಗಂಟನ್ನು ಬಿಚ್ಚಲು ಒಂದೇ ಉಪಾಯ ನನಗೆ ಕಾಣುತ್ತದೆ: ಕಣಕ್ಕೆ ಸೂರು. ಬೆಳಕು ಬಿಡುವ ಪಾರದರ್ಶಕ ಶೀಟು ಹೊದಿಸಿದ, ನಾಲ್ಕೂ ಕಡೆ ಗಾಳಿ ಆಡುವ ಎತ್ತರದ ಶೆಡ್ಡು. ಇದು ಆಟಕ್ಕಷ್ಟೇ ಬೇಕಾದ ಖರ್ಚಲ್ಲ. ಕುಯ್ಲಿನ ಕಾಲದಲ್ಲಿ ಅಕಾಲಿಕ ಮಳೆ ಬಿದ್ದು ಕಣದಲ್ಲಿದ್ದ ಕಾಫಿ ಮುಗ್ಗಲು ಹಿಡಿದದ್ದನ್ನು ಈ ಸಭೆಯಲ್ಲಿ ಅನುಭವಿಸದ ಬೆಳೆಗಾರರಿಲ್ಲ. ಸಣ್ಣ ಬೆಳೆಗಾರನೊಬ್ಬನಿಗೆ ಅಂಥ ಸೂರು ಕಟ್ಟಿಸುವುದು ಕಷ್ಟ. ಹೋಬಳಿಗೊಂದು ಸಾಮೂಹಿಕ ಕಣ, ಅದರ ಮೇಲೊಂದು ಸೂರು ಆದರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅದು ಕಾಫಿ, ಮೆಣಸಿಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಚೆಂಡಿಗೆ. ಒಕ್ಕಣೆ ಕಣ ಕಟ್ಟಿಸಿದ ಅನುಭವವೂ ಶಾಲಾ ಆಟದ ಅಂಕಣ ಕಟ್ಟಿಸಿದ ಅನುಭವವೂ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಇದೆ. ಎರಡನ್ನೂ ಒಂದೇ ನೆಲದ ಮೇಲೆ ಕಟ್ಟಿ ಎಂಬುದಷ್ಟೇ ನನ್ನ ಬೇಡಿಕೆ.

ಕಟ್ಟುವವರಿಗೆ ನಾಲ್ಕು ಮಾತು. ಸೂರು ಕನಿಷ್ಠ ಏಳು ಮೀಟರ್ ಎತ್ತರ ಇರಲಿ. ತಗ್ಗಾದರೆ ಚೆಂಡು ತಾಗುತ್ತದೆ. ಅಂಕಣದ ಸುತ್ತ ಎರಡು ಮೀಟರ್ ಖಾಲಿ ಬಿಡಿ; ಕಂಬಕ್ಕೆ ಡಿಕ್ಕಿ ಹೊಡೆದ ಹುಡುಗ ಮತ್ತೆ ಬರುವುದಿಲ್ಲ. ಕಾಫಿ ಹರಡುವ ನೆಲಕ್ಕೆ ಬಣ್ಣದ ಗೆರೆ ಬೇಡ, ಸೀಸನ್ ಮುಗಿದಾಗ ಕಿತ್ತು ತೆಗೆಯುವ ಟೇಪು ಅಂಟಿಸಿ. ಒರಟು ಸಿಮೆಂಟು ಮೊಣಕಾಲನ್ನೂ ಚೆಂಡನ್ನೂ ಬೇಗ ತಿನ್ನುತ್ತದೆ, ನೆಲವನ್ನು ಚೆನ್ನಾಗಿ ನುಣುಪು ಮಾಡಿಸಿ.

ಮೆಣಸಿನ ಬಳ್ಳಿ ನೆಡುವವರು ಮೊದಲು ಮರ ನೋಡುತ್ತೇವೆ. ಮರವಿಲ್ಲದ ಕಡೆ ಎಷ್ಟೇ ಒಳ್ಳೆಯ ಬಳ್ಳಿ ತಂದು ನೆಟ್ಟರೂ ನೆಲದ ಮೇಲೆ ಹರಡಿ ಕೊಳೆಯುತ್ತದೆ. ಲೀಗಿಗೆ ಈ ಸೂರೇ ಮರ.

ಒಂಬತ್ತು ಊರು, ಒಂಬತ್ತು ಭಾನುವಾರ

ನನ್ನ ಲೆಕ್ಕ ಹೀಗಿದೆ. ಸಕಲೇಶಪುರ, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು. ಆಲೂರು, ಪಾಳ್ಯ, ಕುಂದೂರು, ಕೆ. ಹೊಸಕೋಟೆ. ಒಂಬತ್ತು ಹೆಸರು, ಒಂಬತ್ತು ತಂಡ. ಹುಲಿ, ಸಿಂಹ, ಗರುಡ ಯಾವುದೂ ಬೇಡ. ಊರಿನ ಹೆಸರೇ ಸಾಕು. ಮೊದಲ ಎರಡು ಬೇಸಿಗೆ ಖಾಲಿ ಕಣಗಳಲ್ಲಿ ಮೂವರ ಆಟ ನಡೆಯಲಿ. ಅಷ್ಟರಲ್ಲಿ ಸಕಲೇಶಪುರ ಪಟ್ಟಣದಲ್ಲೊಂದು, ಆಲೂರಿನಲ್ಲೊಂದು ಸೂರಿನ ಕೋರ್ಟು ಏಳಲಿ. ಆಮೇಲೆ ಮಳೆಗಾಲದಲ್ಲಿ ಐವರ ಲೀಗ್. ಒಂಬತ್ತು ತಂಡಗಳು ಎಲ್ಲರೊಂದಿಗೂ ಒಮ್ಮೊಮ್ಮೆ ಆಡಿದರೆ 36 ಪಂದ್ಯ. ಭಾನುವಾರಕ್ಕೆ ನಾಲ್ಕರಂತೆ ಒಂಬತ್ತು ಭಾನುವಾರ. ಎರಡು ಕೋರ್ಟುಗಳಲ್ಲಿ ಎರಡೆರಡು ಪಂದ್ಯ. ಪ್ರತಿ ವಾರ ಒಂದು ತಂಡಕ್ಕೆ ಬಿಡುವು. ಅಂದು ಆ ತಂಡದವರು ಮೇಜಿನ ಕೆಲಸಕ್ಕೆ ಕೂರಲಿ.

ಎರಡು ಪಟ್ಟಣಗಳ ನಡುವೆ ಮೂವತ್ತು ಕಿಲೋಮೀಟರ್‌ಗೂ ಕಡಿಮೆ ದೂರ. ಹೆದ್ದಾರಿ ಇದೆ, ಸಕಲೇಶಪುರ, ಬಾಳ್ಳುಪೇಟೆ, ಆಲೂರಿನಲ್ಲಿ ರೈಲು ನಿಲ್ದಾಣಗಳಿವೆ. ಘಟ್ಟದ ಕೆಳಗಿನ ತಂಡಗಳನ್ನು ಮಳೆಗಾಲದಲ್ಲಿ ಕರೆಯುವ ಆಸೆ ಸದ್ಯಕ್ಕೆ ಬೇಡ. 2018ರ ಆಗಸ್ಟ್ ಮತ್ತು 2024ರ ಜುಲೈನಲ್ಲಿ ಗುಡ್ಡ ಕುಸಿದು ಘಟ್ಟದ ರೈಲು ಹಳಿ ದಿನಗಟ್ಟಲೆ ಮುಚ್ಚಿದ್ದನ್ನು ಕಂಡಿದ್ದೇವೆ. ವೇಳಾಪಟ್ಟಿ ಒಮ್ಮೆ ಮುರಿದರೆ ಲೀಗ್ ಮುರಿದಂತೆಯೇ.

ಹೊನಲು ಬೆಳಕಿನ ಪಂದ್ಯದ ಮಾತೂ ಬೆಳಿಗ್ಗೆ ಬಂತು. ಕೇಳಲು ಚೆಂದ. ಆದರೆ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ, ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ ಪ್ರಾಣ ಬಿಟ್ಟ ನೆಲ ಇದು. ತೋಟಕ್ಕೆ ಹೋದವರು ತಿರುಗಿ ಬರದ ಮನೆಗಳು ಈ ಎರಡೂ ತಾಲ್ಲೂಕಿನಲ್ಲಿವೆ. ಹಾಗಾಗಿ ನಮ್ಮ ಲೀಗಿನ ಮೊದಲ ನಿಯಮ: ಕೊನೆಯ ಪಂದ್ಯದ ಕೊನೆಯ ಸೀಟಿ ಮಧ್ಯಾಹ್ನ ಮೂರೂವರೆಯೊಳಗೆ. ಅರಣ್ಯ ಇಲಾಖೆಯಿಂದ ಆನೆ ಸಂಚಾರದ ಸೂಚನೆ ಬಂದ ದಿನ ಆ ಭಾಗದ ತಂಡದ ಪಂದ್ಯ ಮುಂದಕ್ಕೆ, ಅದಕ್ಕೆ ದಂಡವಿಲ್ಲ.

ತಂಡದಲ್ಲಿ ಯಾರಿರಬೇಕು? ಆ ಊರಿನಲ್ಲಿ ಇರುವವರು. ಲೈನ್ ಮನೆಗಳ ಮಕ್ಕಳು, ತಮಿಳು ಮಾತಾಡುವ ಹುಡುಗ, ಅಸ್ಸಾಮಿನಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವನ ಮಗ, ಯಾರ ಮನೆಯೊಳಗೆ ಯಾರಿಗೆ ಪ್ರವೇಶ ಎಂಬ ಹಳೆಯ ಲೆಕ್ಕದಲ್ಲಿ ಹೊರಗುಳಿದವರ ಮಕ್ಕಳು, ಎಲ್ಲರೂ. ಆಯ್ಕೆಗೆ ಕುಲಗೋತ್ರದ ಪಟ್ಟಿ ಬೇಡ, ಹತ್ತು ಅಡಿ ಎತ್ತರದ ರಿಂಗು ಸಾಕು. ಕೂಲಿಯವರ ಮಗ ಪಾಸು ಕೊಡದೆ ಮಾಲೀಕರ ಮಗನಿಗೆ ಅಂಕ ಸಿಗದ ಆಟ ಇದು. ಈ ಕಾರಣಕ್ಕಾದರೂ ಇದು ನಮ್ಮ ತೋಟಗಳಿಗೆ ಬೇಕು.

ಪ್ರಸ್ತಾವದಲ್ಲಿ ಪುರುಷರ ಲೀಗ್ ಎಂದಷ್ಟೇ ಇದೆ. ಅದಕ್ಕೆ ನನ್ನ ಒಂದು ತಿದ್ದುಪಡಿ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದು ಮೇಲಿನ ದರ್ಜೆಗೆ ಏರಿದರು. ನಮ್ಮ ರಾಜ್ಯದಲ್ಲಿ ನಡೆದ ಈ ಗೆಲುವನ್ನು ಮರೆತು, ಸೂರು ಕಟ್ಟಿ ಅರ್ಧ ಮಕ್ಕಳನ್ನು ಹೊರಗೆ ನಿಲ್ಲಿಸುವುದು ಸರಿಯಲ್ಲ. ಪ್ರತಿ ಭಾನುವಾರ ಮೊದಲ ಪಂದ್ಯ ಹುಡುಗಿಯರದಿರಲಿ.

ಮೊದಲ ಸಂಬಳ

ಕೊನೆಯದಾಗಿ ಹಣ. ಒಂದು ಪಂದ್ಯ ನಡೆಯಬೇಕಾದರೆ ಕನಿಷ್ಠ ಇಬ್ಬರು ರೆಫರಿಗಳು ಬೇಕು. ಮೇಜಿನ ಮುಂದೆ ಸ್ಕೋರರ್, ಅವರಿಗೊಬ್ಬ ಸಹಾಯಕ, ಟೈಮರ್, ಶಾಟ್ ಕ್ಲಾಕ್ ನೋಡುವವರು ಹೀಗೆ ನಾಲ್ವರು. ಈ ಆರು ಜನರಿಗೆ ತರಬೇತಿ ಇಲ್ಲದಿದ್ದರೆ ಆರಡಿ ಎತ್ತರದ ಹತ್ತು ಹುಡುಗರು ಜಗಳವಾಡುತ್ತಾರೆ, ಆಟ ಆಡುವುದಿಲ್ಲ. ನಮ್ಮ ಟೂರ್ನಿಗಳು ನಿಂತುಹೋದದ್ದು ಹೆಚ್ಚಾಗಿ ಹಣ ಇಲ್ಲದೆ ಅಲ್ಲ, ಒಂದು ಫೌಲಿನ ಜಗಳದಿಂದ. ಆದ್ದರಿಂದಲೇ ಮೊದಲ ಸಂಬಳ ತೀರ್ಪುಗಾರನಿಗೆ ಎಂದೆ. ತೀರ್ಪು ನಂಬುವಂತಿದ್ದರೆ ಜನ ಬರುತ್ತಾರೆ, ಜನ ಬಂದರೆ ಅಂಗಡಿಯವರೂ ತೋಟದವರೂ ಕೈ ಜೋಡಿಸುತ್ತಾರೆ, ಆಗ ಆಟಗಾರನಿಗೆ ಪಂದ್ಯದ ಭತ್ಯೆ ಕೊಡಲು ಹಣ ಹುಟ್ಟುತ್ತದೆ. ಮೊದಲ ವರ್ಷಗಳಲ್ಲಿ ಅದು ಒಂದು ದಿನದ ಕೂಲಿಗೆ ಸಮನಾದರೂ ಸಾಕು. ಆಟಕ್ಕೆ ಬಂದ ಹುಡುಗನಿಗೆ ಅಂದಿನ ಕೆಲಸ ತಪ್ಪಿದ ನಷ್ಟ ಆಗಬಾರದು. ನಮ್ಮ ಮಟ್ಟಿಗೆ ವೃತ್ತಿಪರತೆ ಎಂದರೆ ಅಲ್ಲಿಂದ ಶುರು.

ಇನ್ನೊಂದು ಷರತ್ತು: ಮೇಲೆ ಹೋಗುವ ದಾರಿ ಇರಬೇಕು. ನಮ್ಮ ಲೀಗಿನಲ್ಲಿ ಗೆದ್ದ ತಂಡಕ್ಕೆ ರಾಜ್ಯ ಸಂಸ್ಥೆಯ ಲೀಗಿನ ಕೆಳಗಿನ ವಿಭಾಗದಲ್ಲಿ ಆಡುವ ಅವಕಾಶ ಸಿಗಬೇಕು. ಮೇಲಿನ ಮೆಟ್ಟಿಲೇ ಇಲ್ಲದಿದ್ದರೆ ನಮ್ಮದು ಎರಡನೇ ದರ್ಜೆಯೂ ಅಲ್ಲ, ಮೂರನೆಯದೂ ಅಲ್ಲ. ಊರ ಹಬ್ಬದ ಇನ್ನೊಂದು ಕಪ್ಪು ಮಾತ್ರ.

ಆದ್ದರಿಂದ ಈ ಸಮಾವೇಶ ನಾಲ್ಕು ನಿರ್ಣಯಗಳನ್ನು ಅಂಗೀಕರಿಸಬೇಕೆಂದು ಕೋರುತ್ತೇನೆ.

ಒಂದು, ಸಕಲೇಶಪುರ ಮತ್ತು ಆಲೂರಿನಲ್ಲಿ ತಲಾ ಒಂದು ಸೂರಿರುವ ಕೋರ್ಟನ್ನು ಕಣವಾಗಿಯೂ ಬಳಸಲು ಬರುವಂತೆ ಕಟ್ಟಿಸಲು ಗ್ರಾಮ ಪಂಚಾಯಿತಿಗಳು, ಕಾಫಿ ಮಂಡಳಿ ಮತ್ತು ಯುವ ಸಬಲೀಕರಣ ಹಾಗೂ ಕ್ರೀಡಾ ಇಲಾಖೆ ಒಟ್ಟಿಗೆ ಕೂತು ಯೋಜನೆ ಮಾಡಬೇಕು.

ಎರಡು, ಈ ವರ್ಷವೇ ಎರಡೂ ತಾಲ್ಲೂಕಿನ ತರುಣ ತರುಣಿಯರಿಗೆ ರೆಫರಿ ಮತ್ತು ಮೇಜಿನ ಅಧಿಕಾರಿಗಳ ತರಬೇತಿ ಶಿಬಿರ ನಡೆಯಬೇಕು.

ಮೂರು, ಬರುವ ಬೇಸಿಗೆಯಲ್ಲಿ ಒಂಬತ್ತು ಊರುಗಳ ಮೂವರ ಆಟದ ಲೀಗ್, ಹುಡುಗರದೂ ಹುಡುಗಿಯರದೂ, ಶುರುವಾಗಬೇಕು.

ನಾಲ್ಕು, ಇಂಥ ಪ್ರಾದೇಶಿಕ ಲೀಗಿನಿಂದ ರಾಜ್ಯ ಲೀಗಿಗೆ ಬಡ್ತಿಯ ನಿಯಮವನ್ನು ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಲಿಖಿತವಾಗಿ ಕೊಡಬೇಕು.

ಬೆಳೆಗಾರ ಬಂಧುಗಳೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಚಂದಾ ಪುಸ್ತಕ ತಂದಿಲ್ಲ. ಏಪ್ರಿಲ್, ಮೇ ತಿಂಗಳ ಭಾನುವಾರಗಳಲ್ಲಿ ನಿಮ್ಮ ಖಾಲಿ ಕಣವನ್ನು ಹುಡುಗರಿಗೆ ಬಿಟ್ಟುಕೊಡಿ. ಯಾರು ಕೊಡುತ್ತೀರೋ ಅವರು ಹೊರಗೆ ಹೋಗುವಾಗ ಬಾಗಿಲ ಬಳಿಯ ಪುಸ್ತಕದಲ್ಲಿ ಊರು, ಕಣದ ಅಳತೆ ಬರೆದು ಹೋಗಿ. ಒಂಬತ್ತು ಹೆಸರು ಬಂದರೆ ವೇಳಾಪಟ್ಟಿ ತಯಾರಿಸುವ ಹೊಣೆ ನನ್ನದು.